ಗಾಣದ ಎಣ್ಣೆ ತುಟ್ಟಿನಾ?
ಗದಗಿನ ಗಾಣದಲ್ಲಿ ಇವತ್ತು ಶೇಂಗಾ ಎಣ್ಣೆ ತಂದೆ. ಖಾಲಿ ಕ್ಯಾನ್ ತಕ್ಕಡಿ ಮೇಲಿಟ್ಟು, ಸೊನ್ನೆ ಮಾಡಿ, ಆಮೇಲೆ ಎಣ್ಣೆ ಸುರಿದರು. ಅಲ್ಲಿ ಕೆಜಿ ಲೆಕ್ಕ, ಪ್ಯಾಕೆಟ್ಟಿನಲ್ಲಿ ಲೀಟರ್ ಲೆಕ್ಕ. ಎರಡೂ ದರ ಹಾಗೇ ಪಕ್ಕಪಕ್ಕ ಇಟ್ಟು ಗಾಣದ್ದು ತುಟ್ಟಿ ಅನ್ನೋದು ಸರಿಯಲ್ಲ. ಎಣ್ಣೆ ನೀರಿಗಿಂತ ಹಗುರ, ಅದಕ್ಕೇ ತೇಲುತ್ತದೆ ಅಲ್ವಾ? ಒಂದು ಲೀಟರ್ ಎಣ್ಣೆ ತೂಗಿದರೆ ಸುಮಾರು 910 ಗ್ರಾಂ ಅಷ್ಟೇ. ಕೆಜಿ ದರವನ್ನು 0.91ರಿಂದ ಗುಣಿಸಿದರೆ ಲೀಟರ್ ದರ ಸಿಗುತ್ತದೆ. ಕೆಜಿಗೆ 300 ರೂಪಾಯಿ ಅಂದುಕೊಳ್ಳಿ, ಲೀಟರಿಗೆ 273 ಆಯ್ತು. 15 ಲೀಟರ್ ಡಬ್ಬಿಯಲ್ಲಂತೂ 14 ಕೆಜಿ ಕೂಡ ಇರಲ್ಲ! ಬಿಸಿಲಿಗೆ ಎಣ್ಣೆ ಹಿಗ್ಗಿದರೆ ಲೀಟರ್ ಲೆಕ್ಕವೂ ಸ್ವಲ್ಪ ಸರಿಯುತ್ತದೆ, ತೂಕ ಮಾತ್ರ ಅಷ್ಟೇ ಇರುತ್ತದೆ. ನನಗೆ ತಕ್ಕಡಿಯೇ ಇಷ್ಟ. ಹಬ್ಬಕ್ಕೆ ಡಬ್ಬಿ ತರುವವರು ದರಕ್ಕಿಂತ ಮೊದಲು ಕೆಜಿನಾ, ಲೀಟರಾ ನೋಡಿ.