ಹಕ್ಕಿ ಪುಸ್ತಕ ಅಂದ್ರೆ ಯಾವುದು?

"ಹೆಸರಿನಲ್ಲಿ ಹಕ್ಕಿ ಇದ್ದರೆ ಸಾಕಾ?"

ನಮ್ಮ ಓದುವ ಬಳಗ ಈ ವರ್ಷ ಹಕ್ಕಿಗಳ ಪುಸ್ತಕ ಓದೋಣ ಅಂತ ತೀರ್ಮಾನಿಸಿದಾಗಿನಿಂದ ಎಲ್ಲರೂ ನನ್ನನ್ನು ಕೇಳುತ್ತಿರುವುದು ಇದನ್ನೇ. ಕೊಡಗಿನ ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆ ಕಡೆಯವರು ಸೇರಿ ಮಾಡಿಕೊಂಡ ಬಳಗ ಇದು. ಒಂದು ವಿಷಯ ಹಿಡಿದು ಎಲ್ಲರೂ ಓದುವುದು, ತಿಂಗಳಿಗೊಮ್ಮೆ ಯಾರದ್ದಾದರೂ ಮನೆಯಲ್ಲಿ ಕೂತು ಮಾತಾಡುವುದು. ಪುಸ್ತಕ ಆರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೇರೆ ಊರಿನ ಓದುಗರು ಕೂಡ ತಮ್ಮ ಗುಂಪಿಗೆ ಪಟ್ಟಿ ಕೊಡಿ ಅಂತ ಕೇಳುತ್ತಿದ್ದಾರೆ. ಸುಮ್ನೆ ಪಟ್ಟಿ ಕೊಡುವುದಕ್ಕಿಂತ ನಾನು ಹೇಗೆ ಆರಿಸುತ್ತೇನೆ ಅಂತ ಹೇಳುವುದು ಜಾಸ್ತಿ ಉಪಯೋಗ ಅನಿಸಿತು.

ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಈ ಪುಸ್ತಕದಿಂದ ಹಕ್ಕಿಯನ್ನು ತೆಗೆದುಬಿಟ್ಟರೆ ಏನಾಗುತ್ತದೆ? ಕತೆ ಹಾಗೇ ನಡೆಯುತ್ತದೆ ಅಂದರೆ ಅದು ಹಕ್ಕಿ ಪುಸ್ತಕ ಅಲ್ಲ, ಹೆಸರು ಏನೇ ಇರಲಿ. ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಸೇರಿಸಿ ಅಂತ ಹೇಳುವವರು ತುಂಬ ಜನ. ನನಗೂ ಬಹಳ ಇಷ್ಟದ ಕಾದಂಬರಿ ಅದು. ಆದರೆ ಅಲ್ಲಿ ಹಕ್ಕಿ ಬರುವುದು ಒಂದು ಮಾತಿನಲ್ಲಿ, ಒಂದು ಹೋಲಿಕೆಯಲ್ಲಿ. ಕತೆ ನಡೆಯುವುದು ಕೋರ್ಟಿನಲ್ಲಿ, ಬಣ್ಣದ ಭೇದ ತುಂಬಿದ ಒಂದು ಸಣ್ಣ ಊರಿನಲ್ಲಿ. ಅದನ್ನು ಓದಲೇಬೇಕು, ಆದರೆ ಇನ್ನೊಂದು ವರ್ಷ. ಪೂರ್ಣಚಂದ್ರ ತೇಜಸ್ವಿ ಅವರ ಕಾದಂಬರಿ 'ಕರ್ವಾಲೋ' ಕೂಡ ಹೀಗೇ ಬರುತ್ತದೆ. ಅದರಲ್ಲಿ ಹಾರುವುದು ಓತಿ. ನಮ್ಮ ತೋಟಗಳಲ್ಲೂ ಅಡಿಕೆ ಮರದಿಂದ ಅಡಿಕೆ ಮರಕ್ಕೆ ತೇಲುವ ಹಾರುವ ಓತಿಯನ್ನು ಎಷ್ಟೋ ಜನ ನೋಡಿದ್ದೇವೆ, ಅಲ್ವಾ? ಅದು ಹಕ್ಕಿ ಅಲ್ಲ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಇನ್ನು ಹೆಸರಿನಲ್ಲಿ ಹಕ್ಕಿಯೇ ಇಲ್ಲದ, ಆದರೆ ಹಕ್ಕಿ ಇಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗದ ಪುಸ್ತಕಗಳಿವೆ. ನನ್ನ ಪಟ್ಟಿಯಲ್ಲಿ ಮೊದಲು ನಿಲ್ಲುವುದು ಜನ್ನನ 'ಯಶೋಧರ ಚರಿತೆ'. 1209ರಲ್ಲಿ ಬರೆದ ಕಾವ್ಯ. ರಾಣಿ ಅಮೃತಮತಿ ಕುರೂಪಿ ಮಾವುತನ ಹಾಡು ಕೇಳಿ ಅವನಿಗೆ ಮನಸೋಲುತ್ತಾಳೆ. ರಾಜ ಯಶೋಧರ ಅದನ್ನು ಕಣ್ಣಾರೆ ನೋಡುತ್ತಾನೆ. ಅದನ್ನು ಹೇಳಲಾರದೆ, ಕೆಟ್ಟ ಕನಸು ಕಂಡೆ ಅಂತ ತಾಯಿಗೆ ಹೇಳುತ್ತಾನೆ. ದೋಷ ಹೋಗಲು ದೇವಿಗೆ ಬಲಿ ಕೊಡು ಅಂತಾಳೆ ತಾಯಿ. ಇವನು ಒಪ್ಪುವುದಿಲ್ಲ. ಕೊನೆಗೆ ಜೀವ ಇಲ್ಲದ ಹಿಟ್ಟಿನ ಕೋಳಿಯನ್ನು ಕಡಿಯುವುದು ಅಂತ ಇಬ್ಬರೂ ರಾಜಿಗೆ ಬರುತ್ತಾರೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ.

ಅಲ್ಲಿಂದ ಮುಂದೆ ತಾಯಿ ಮಗ ಇಬ್ಬರೂ ಜನ್ಮ ಜನ್ಮ ಅಲೆಯುತ್ತಾರೆ. ಮೊದಲ ಜನ್ಮದಲ್ಲಿ ಮಗ ನವಿಲು, ತಾಯಿ ನಾಯಿ. ಪ್ರಾಣಿಗಳಾಗಿ ಕೊನೆಯ ಜನ್ಮದಲ್ಲಿ ಇಬ್ಬರೂ ಕೋಳಿಗಳು. ಹಿಟ್ಟಿನದ್ದಾದರೇನು, ಕೊಲ್ಲಬೇಕು ಅಂತ ಮನಸ್ಸು ಮಾಡಿ ಕತ್ತಿ ಎತ್ತಿದೆಯಲ್ಲ ಅನ್ನುತ್ತದೆ ಕಾವ್ಯ. ಆ ಹಿಟ್ಟಿನ ಕೋಳಿಗೆ ಜೀವ ಇಲ್ಲದಿದ್ದರೂ ಅದನ್ನು ತೆಗೆದರೆ ಇಡೀ ಕಾವ್ಯ ಕುಸಿಯುತ್ತದೆ. ಕಾರಣವರಿಗೆ, ಅಂದರೆ ಮನೆತನದ ಗತಿಸಿದ ಹಿರಿಯರಿಗೆ, ಕೋಳಿ, ಕಳ್ಳು ಬಡಿಸುವ ಮನೆಗಳಿರುವ ನಾಡು ನಮ್ಮದು. ಇಲ್ಲಿ ಕೂತು ಇದನ್ನು ಓದಿದರೆ ಎಂಥ ಮಾತುಕತೆ ಆಗಬಹುದು! ಜನ್ನ ಜೈನ ಕವಿ, ಅವನ ಮಾತು ಅವನದ್ದು. ನಮ್ಮ ಹಿರಿಯರ ನಂಬಿಕೆ ಅವರದ್ದು. ಎರಡನ್ನೂ ಎದುರುಬದುರು ಇಟ್ಟು, ಯಾರನ್ನೂ ಸಣ್ಣವರು ಮಾಡದೆ ಮಾತಾಡುವುದು ಸಾಧ್ಯ ಅಂತ ನನ್ನ ನಂಬಿಕೆ. ಹಳಗನ್ನಡ ಕಷ್ಟ ಅನ್ನುವವರು ಗದ್ಯಾನುವಾದ ಇರುವ ಪ್ರತಿ ತೆಗೆದುಕೊಳ್ಳಿ. ಜೊತೆಗೆ ಗಿರೀಶ ಕಾರ್ನಾಡರು ಇದೇ ಕತೆಯಿಂದ ಬರೆದ 'ಹಿಟ್ಟಿನ ಹುಂಜ' ನಾಟಕ ಓದಿದರೆ ಇನ್ನೂ ಒಳ್ಳೆಯದು.

ಕನಕದಾಸರ 'ನಳಚರಿತ್ರೆ' ಕೂಡ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಹಂಸ ಹಾರಿ ಹೋಗಿ ಹೇಳದಿದ್ದರೆ ನಳ ಯಾರೋ, ದಮಯಂತಿ ಯಾರೋ. ನಾಗವರ್ಮನ 'ಕರ್ಣಾಟಕ ಕಾದಂಬರಿ'ಯಲ್ಲಿ ಕತೆ ಹೇಳುವುದೇ ಒಂದು ಗಿಳಿ. ಆದರೆ ಅದು ಉದ್ದ ಜಾಸ್ತಿ, ಗುಂಪಿನ ಓದಿಗೆ ನಾನು ಹೇಳುವುದಿಲ್ಲ.

ಎರಡನೇ ಪ್ರಶ್ನೆ ಸ್ವಲ್ಪ ಕಠಿಣ. ಬರೆದವರು ಹಕ್ಕಿಯನ್ನು ನೋಡಿದ್ದಾರಾ? 1970ರಲ್ಲಿ ಬಂದ ರಿಚರ್ಡ್ ಬಾಕ್ ಅವರ 'ಜೊನಾಥನ್ ಲಿವಿಂಗ್‌ಸ್ಟನ್ ಸೀಗಲ್' ಪುಟ್ಟ ಪುಸ್ತಕ, ಒಂದು ಸಂಜೆಗೆ ಮುಗಿಯುತ್ತದೆ. ಕಾಲೇಜು ಮಕ್ಕಳಿಗೆ ತುಂಬ ಹಿಡಿಸುತ್ತದೆ. ಆದರೆ ಆ ಕಡಲಹಕ್ಕಿ ಮನುಷ್ಯನ ಆಸೆ ಹೊತ್ತು ಹಾರುವ ಹಕ್ಕಿ. ಓದಿ ಮುಗಿಸಿದ ಮೇಲೆ ಕಡಲಹಕ್ಕಿಯ ಬಗ್ಗೆ ನಮಗೆ ಹೊಸದೇನೂ ಗೊತ್ತಾಗುವುದಿಲ್ಲ. ಪಂಚತಂತ್ರದ ಕಾಗೆ ಗೂಬೆಗಳ ಯುದ್ಧವನ್ನು ಇದರ ಪಕ್ಕದಲ್ಲಿಡಿ. ಅಲ್ಲೂ ಹಕ್ಕಿಗಳು ಮಾತಾಡುತ್ತವೆ, ಮಂತ್ರಾಲೋಚನೆ ಮಾಡುತ್ತವೆ. ಆದರೆ ರಾತ್ರಿ ಗೂಬೆಗೆ ಬಲ, ಹಗಲು ಕಾಗೆಗೆ ಬಲ ಅನ್ನುವ ಮಾತು ಯಾರೋ ಮರದ ಕೆಳಗೆ ನಿಂತು ಕಂಡದ್ದು. ಹಗಲಿನಲ್ಲಿ ಗೂಬೆಯೊಂದು ಹೊರಗೆ ಕಂಡರೆ ಕಾಗೆಗಳೆಲ್ಲ ಸೇರಿ ಕೂಗಾಡಿ ಓಡಿಸುವುದನ್ನು ತೋಟದಲ್ಲಿ ಇವತ್ತಿಗೂ ನೋಡಬಹುದು. ಕನ್ನಡದಲ್ಲಿ ದುರ್ಗಸಿಂಹ 11ನೇ ಶತಮಾನದಲ್ಲೇ ಪಂಚತಂತ್ರವನ್ನು ಬರೆದ. ಮಕ್ಕಳಿಗೆ ಸರಳ ರೂಪಗಳು ಎಲ್ಲ ಕಡೆ ಸಿಗುತ್ತವೆ.

ಕವಿತೆಗೆ ಮಾತ್ರ ಈ ಎರಡನೇ ಪ್ರಶ್ನೆ ಕೇಳಬಾರದು. ಬೇಂದ್ರೆಯವರ 'ಹಕ್ಕಿ ಹಾರುತಿದೆ ನೋಡಿದಿರಾ' ಓದಿ ಅದು ಯಾವ ಜಾತಿಯ ಹಕ್ಕಿ ಅಂತ ಕೇಳಿದರೆ ಏನು ಹೇಳುವುದು? ಅಲ್ಲಿ ಹಾರುತ್ತಿರುವುದು ಕಾಲ. ಕುವೆಂಪು ಅವರ 'ಪಕ್ಷಿಕಾಶಿ' ಸಂಕಲನದ 'ದೇವರು ರುಜು ಮಾಡಿದನು' ಬೇರೆ ತರಹ. ಆಕಾಶದಲ್ಲಿ ಹಾರುವ ಹಕ್ಕಿಗಳ ಸಾಲು ದೇವರ ಸಹಿಯಾಗಿ ಕಾಣುವ ಕವಿತೆ ಅದು. ಹಾರಂಗಿ ಹಿನ್ನೀರಿನ ಕಡೆ ಸಂಜೆ ಬೆಳ್ಳಕ್ಕಿಗಳ ಸಾಲು ನೋಡಿದವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ನೋಡಿ ಬರೆದವರ ಮಾತು ಬಂದರೆ ಪೂರ್ಣಚಂದ್ರ ತೇಜಸ್ವಿ ಬಿಟ್ಟು ಬೇರೆ ಕಡೆ ಹೋಗುವುದು ಹೇಗೆ? ಮೂಡಿಗೆರೆಯಲ್ಲಿ ಕಾಫಿ ಬೆಳೆದವರು. ಕಾಫಿ ಗಿಡದ ನಡುವೆ ಕ್ಯಾಮೆರಾ ಹಿಡಿದು ಕಾದವರು. ಅವರ 'ಕನ್ನಡನಾಡಿನ ಹಕ್ಕಿಗಳು' ನಮ್ಮ ಊರಿನವರಿಗೆ ಪಕ್ಕದ ಮನೆಯವರ ಮಾತಿನಂತೆ ಕೇಳುತ್ತದೆ. ಪಿಕಳಾರ, ಮಡಿವಾಳ, ಕಾಜಾಣ, ಕುಟ್ರು, ಮಿಂಚುಳ್ಳಿ ಇವೆಲ್ಲ ನಮ್ಮ ಅಂಗಳದ ಹಕ್ಕಿಗಳೇ. ಇಡೀ ಬಳಗ ಒಂದೇ ಕನ್ನಡ ಪುಸ್ತಕ ಓದಬೇಕು ಅಂದರೆ ನಾನು ಇದನ್ನೇ ಹೇಳುತ್ತೇನೆ.

ಪಕ್ಷಿತಜ್ಞ ಸಲೀಂ ಅಲಿ ಅವರ ಆತ್ಮಕತೆ 'ದಿ ಫಾಲ್ ಆಫ್ ಎ ಸ್ಪ್ಯಾರೋ' 1985ರಲ್ಲಿ ಬಂತು. ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಒಂದು ಗುಬ್ಬಿಯ ಕುತ್ತಿಗೆಯಲ್ಲಿ ಹಳದಿ ಗುರುತು ಕಂಡು, ಅದೇನು ಅಂತ ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ ಕತೆ ಅದರಲ್ಲಿದೆ. ಬಂದೂಕು ಮನೆಯ ಗೋಡೆಯ ಮೇಲಿರುವ ನಾಡಿನ ಹುಡುಗರಿಗೆ ಈ ಪುಟಗಳನ್ನು ಓದಿಸಲೇಬೇಕು. ಬೇಟೆಯ ಕಣ್ಣೇ ನಿಧಾನವಾಗಿ ನೋಡುವ ಕಣ್ಣಾಗಿ ಬದಲಾದದ್ದನ್ನು ಅವರು ಏನೂ ಮುಚ್ಚಿಡದೆ ಹೇಳುತ್ತಾರೆ.

ಈಗ ನನಗೆ ತುಂಬ ಪ್ರೀತಿಯ ಪುಸ್ತಕಕ್ಕೆ ಬರುತ್ತೇನೆ. ಧನಗೋಪಾಲ ಮುಖರ್ಜಿ ಅವರ 'ಗೇ ನೆಕ್'. ಕಲ್ಕತ್ತಾ ಕಡೆಯ ಮುಖರ್ಜಿ ಅಮೆರಿಕಕ್ಕೆ ಹೋಗಿ ಇಂಗ್ಲಿಷ್‌ನಲ್ಲಿ ಬರೆದವರು. 1927ರಲ್ಲಿ ಬಂದ ಈ ಪುಸ್ತಕಕ್ಕೆ 1928ರಲ್ಲಿ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಬಹುಮಾನ, ನ್ಯೂಬೆರಿ ಪದಕ, ಸಿಕ್ಕಿತು. ಕಲ್ಕತ್ತಾದ ಹುಡುಗನೊಬ್ಬ ಚಿತ್ರಗ್ರೀವ ಅನ್ನುವ ಪಾರಿವಾಳವನ್ನು ಸಾಕಿ, ಹಾರಲು ಕಲಿಸಿ, ಹಿಮಾಲಯಕ್ಕೂ ಕರೆದುಕೊಂಡು ಹೋಗುತ್ತಾನೆ. ಆಮೇಲೆ ಮೊದಲ ಮಹಾಯುದ್ಧ ಬರುತ್ತದೆ. ಪಾರಿವಾಳ ಭಾರತದ ಸೈನಿಕರ ಜೊತೆ ಫ್ರಾನ್ಸಿಗೆ ಹೋಗುತ್ತದೆ. ಕಾಲಿಗೆ ಚೀಟಿ ಕಟ್ಟಿಕೊಂಡು ಗುಂಡಿನ ನಡುವೆ ಹಾರುತ್ತದೆ. ಕೆಲವು ಅಧ್ಯಾಯಗಳನ್ನು ಪಾರಿವಾಳವೇ ಹೇಳುತ್ತದೆ.

ನನ್ನನ್ನು ಹಿಡಿದು ನಿಲ್ಲಿಸುವುದು ಯುದ್ಧ ಮುಗಿದ ಮೇಲಿನ ಭಾಗ. ವಾಪಸ್ ಬಂದ ಹಕ್ಕಿ ಹಾರಲು ಒಪ್ಪುವುದಿಲ್ಲ. ರೆಕ್ಕೆಯ ಗಾಯ ಮಾಗಿದೆ, ಭಯ ಮಾಗಿಲ್ಲ. ಜೊತೆಗೆ ಹೋಗಿದ್ದ ಮುದಿ ಬೇಟೆಗಾರನಿಗೂ ಅದೇ ಗತಿ. ಇಬ್ಬರನ್ನೂ ಬೆಟ್ಟದ ಮೇಲಿನ ಬೌದ್ಧ ಮಠಕ್ಕೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಲಾಮಾ ಅವರಿಂದ ಇಬ್ಬರೂ ಭಯದಿಂದ ಹೊರಗೆ ಬರುತ್ತಾರೆ. ಕೊಡಗಿನಲ್ಲಿ ಸೈನ್ಯಕ್ಕೆ ಹೋದವರಿಲ್ಲದ ಮನೆತನ ಹುಡುಕುವುದೇ ಕಷ್ಟ. ಕಾರ್ಯಪ್ಪ, ತಿಮ್ಮಯ್ಯ ಅವರ ಹೆಸರು ಎಲ್ಲರ ಬಾಯಲ್ಲಿದೆ. ಆದರೆ ಯುದ್ಧದಿಂದ ಬಂದು ಮಾತು ಕಮ್ಮಿ ಮಾಡಿಕೊಂಡ ದೊಡ್ಡಪ್ಪಂದಿರ ಬಗ್ಗೆ ಮನೆಗಳಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮಕ್ಕಳಿಗೆ ಬರೆದ ಈ ಪಾರಿವಾಳದ ಪುಸ್ತಕ ಆ ಮಾತಿಗೆ ದಾರಿ ಮಾಡಿಕೊಡಬಹುದು. ಅದಕ್ಕೇ ಇದನ್ನು ದೊಡ್ಡವರಿಗೂ ಕಡ್ಡಾಯ ಮಾಡಿದ್ದೇನೆ. ಇಂಗ್ಲಿಷ್ ಓದಲು ಕಷ್ಟ ಇರುವವರಿಗೆ ಬಳಗದಲ್ಲಿ ಇಬ್ಬರು ಅಧ್ಯಾಯ ಅಧ್ಯಾಯವಾಗಿ ಕನ್ನಡದಲ್ಲಿ ಹೇಳುತ್ತಾರೆ.

ರೇಚಲ್ ಕಾರ್ಸನ್ ಅವರ 'ಸೈಲೆಂಟ್ ಸ್ಪ್ರಿಂಗ್' 1962ರ ಪುಸ್ತಕ. ಅದರ ಹೆಸರಿನಲ್ಲೂ ಹಕ್ಕಿ ಇಲ್ಲ. ಹಕ್ಕಿಯ ದನಿ ಇಲ್ಲದ ವಸಂತದ ಭಯವೇ ಅದರ ಹೆಸರು. ಎಲ್ಮ್ ಮರಗಳ ರೋಗ ತಡೆಯಲು ಡಿಡಿಟಿ ಅನ್ನುವ ಕೀಟನಾಶಕ ಹೊಡೆದರು. ಎಲೆ ಉದುರಿತು, ಎಲೆಯನ್ನು ಎರೆಹುಳು ತಿಂದಿತು, ಎರೆಹುಳುವನ್ನು ರಾಬಿನ್ ಹಕ್ಕಿ ತಿಂದು ಸತ್ತಿತು. ಕಾಫಿ ಗಿಡದ ಕಾಂಡಕೊರಕ ಹುಳುವಿಗೆ ಏನು ಹೊಡೆಯಬೇಕು ಅಂತ ದಿನಾ ಮಾತಾಡುವ ನಾವು ಈ ಒಂದು ಅಧ್ಯಾಯವನ್ನಾದರೂ ಓದಬೇಕು. ಇಡೀ ಪುಸ್ತಕ ಬೇಡ ಅನ್ನುವವರಿಗೆ ನಾನು ಒತ್ತಾಯ ಮಾಡುವುದಿಲ್ಲ.

"ಚಿತ್ರ ಇರುವ ಹಕ್ಕಿ ಗುರುತಿಸುವ ಕೈಪಿಡಿಯನ್ನು ಓದಿದ ಪುಸ್ತಕ ಅಂತ ಲೆಕ್ಕ ಹಾಕಬಹುದಾ?" ಇದನ್ನೂ ಕೇಳುತ್ತಾರೆ. ಖಂಡಿತ ಹಾಕಬಹುದು. ಆದರೆ ಅದನ್ನು ಮನೆಯೊಳಗೆ ಕೂತು ತಿರುವಿದರೆ ಆಗಲಿಲ್ಲ. ಅದರಲ್ಲಿ ಕಂಡ ಹಕ್ಕಿಯನ್ನು ತೋಟದಲ್ಲಿ ಹುಡುಕಬೇಕು, ತೋಟದಲ್ಲಿ ಕಂಡದ್ದನ್ನು ಅದರಲ್ಲಿ ಹುಡುಕಬೇಕು. ಇಂಗ್ಲಿಷ್ ಬಲ್ಲವರಿಗೆ ಇನ್ನೊಂದು ವಿಷಯ. 1951ರಲ್ಲಿ ಎಫ್. ಎನ್. ಬೆಟ್ಸ್ ಎಂಬವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್‌ನಲ್ಲಿ ಕೊಡಗಿನ ಹಕ್ಕಿಗಳ ಬಗ್ಗೆ ದೀರ್ಘವಾಗಿ ಬರೆದಿದ್ದಾರೆ. ಆ ಜರ್ನಲ್‌ನ ಹಳೆಯ ಸಂಚಿಕೆಗಳು ಇಂಟರ್ನೆಟ್‌ನಲ್ಲಿ ಓದಲು ಸಿಗುತ್ತವೆ. ಅಂದು ನಮ್ಮ ನಾಡಿನಲ್ಲಿ ಏನಿತ್ತು, ಇಂದು ನಮ್ಮ ತೋಟದಲ್ಲಿ ಏನಿದೆ ಅಂತ ಪಕ್ಕ ಪಕ್ಕ ಇಟ್ಟು ನೋಡುವುದಕ್ಕಿಂತ ಒಳ್ಳೆಯ ಓದು ಇನ್ನೇನಿದೆ?

ಯಾವಾಗ ಯಾವುದು ಓದಬೇಕು ಅನ್ನುವುದನ್ನು ನಮಗೆ ಮಳೆಯೇ ಹೇಳುತ್ತದೆ. ಜೂನ್‌ನಿಂದ ಕಕ್ಕಡ (ನಮ್ಮ ಜೋರು ಮಳೆಯ ತಿಂಗಳು) ಮುಗಿಯುವ ತನಕ ಹೊರಗೆ ಹೋಗಲು ಆಗುವುದಿಲ್ಲ, ಕರೆಂಟ್ ಇರುವುದಿಲ್ಲ. ಆಗ ಕಾವ್ಯ, ಪಂಚತಂತ್ರ, ಕವಿತೆ. ಒಬ್ಬರು ಜೋರಾಗಿ ಓದಬೇಕು, ಉಳಿದವರು ಕೇಳಬೇಕು. ಆ ದಿನಗಳಲ್ಲಿ ಬೆಳಗ್ಗೆ ತೊರೆಯ ಕಡೆಯಿಂದ ಶಿಳ್ಳೆ ಹಕ್ಕಿಯ ದನಿ ಕೇಳುತ್ತದೆ. ಯಾರೋ ಹುಡುಗ ರಾಗ ಮರೆತು ಶಿಳ್ಳೆ ಹಾಕುತ್ತಿದ್ದಾನೆ ಅನಿಸುವ ಆ ಹಾಡನ್ನು ಕೇಳಿಸಿಕೊಳ್ಳಲು ಪುಸ್ತಕ ಕೆಳಗಿಟ್ಟರೆ ತಪ್ಪಿಲ್ಲ. ಸೆಪ್ಟೆಂಬರ್ ಬಂತು ಅಂದರೆ ಬಾಲ ಕುಣಿಸುವ ಬೂದು ಸಿಪಿಲೆ ಉತ್ತರದಿಂದ ಬಂದು ತೊರೆಯ ಕಲ್ಲಿನ ಮೇಲೆ ಓಡಾಡುತ್ತದೆ. ಆಮೇಲೆ ನವರಂಗ ಹಕ್ಕಿ ಬರುತ್ತದೆ. ಆಗ ತೇಜಸ್ವಿ, ಸಲೀಂ ಅಲಿ, ಕೈಪಿಡಿ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂದರೆ ಕಾಫಿ ಕುಯ್ಲು ಶುರು. ಆಗ ಯಾರಿಂದಲೂ ದಪ್ಪ ಪುಸ್ತಕ ಓದಲು ಆಗುವುದಿಲ್ಲ, ನಾನು ಕೇಳುವುದೂ ಇಲ್ಲ. 'ಪಕ್ಷಿಕಾಶಿ'ಯಿಂದ ದಿನಕ್ಕೊಂದು ಕವಿತೆ ಸಾಕು. ರೊಬಸ್ಟಾ ಕುಯ್ಲು ಮುಗಿದು ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವ ಹೊತ್ತಿಗೆ ಮಂಗಟ್ಟೆ ಹಕ್ಕಿಗಳು ಗೂಡು ಮಾಡಿರುತ್ತವೆ. ಹೆಣ್ಣು ಮರದ ಪೊಟರೆಯೊಳಗೆ ತನ್ನನ್ನೇ ಮುಚ್ಚಿಕೊಳ್ಳುತ್ತದೆ, ಗಂಡು ಸಣ್ಣ ಸೀಳಿನಲ್ಲಿ ಹಣ್ಣು ಕೊಡುತ್ತದೆ. ಕಾರ್ಸನ್ ಓದಲು ಅದು ಸರಿಯಾದ ಕಾಲ. ತೋಟದ ಅತ್ತಿ, ಬಸರಿ ಮರಗಳನ್ನು ಕಡಿಯಬೇಕಾ ಬೇಡವಾ ಅಂತ ಮಾತು ಬರುವುದೂ ಆಗಲೇ.

ಪುಸ್ತಕ ಸಿಗುವುದು ಕಷ್ಟ ಅನ್ನುವವರಿಗೆ: ಮಡಿಕೇರಿಯ ಗ್ರಂಥಾಲಯದಲ್ಲಿ ಕೇಳಿ, ಇಲ್ಲದಿದ್ದರೆ ಒಂದು ಪ್ರತಿ ಕೊಂಡು ಮನೆಯಿಂದ ಮನೆಗೆ ಕಳಿಸಿ. ಪೂರ್ತಿ ಓದದೆ ಬಂದವರನ್ನೂ ನಾವು ಕೂರಿಸಿಕೊಳ್ಳುತ್ತೇವೆ. ಮೊದಲು ಓದುವುದು 'ಯಶೋಧರ ಚರಿತೆ'. ಹಳಗನ್ನಡವನ್ನು ತಡವರಿಸದೆ ಜೋರಾಗಿ ಓದಬಲ್ಲ ಮೇಷ್ಟ್ರು, ಟೀಚರು ಯಾರಾದರೂ ವಿರಾಜಪೇಟೆ ಸುತ್ತಮುತ್ತ ಇದ್ದರೆ ದಯವಿಟ್ಟು ತಿಳಿಸಿ. ಬಂದು ಹೋಗುವ ವ್ಯವಸ್ಥೆ ನಾವು ಮಾಡುತ್ತೇವೆ.