ಮೃಗಶಿರ ಹಿಡಿಯುವ ಮೊದಲು ಕ್ಯಾರವಾನ್ ಆಯಿಲ್

ಟೆಂಪೊ ಟ್ರಾವೆಲರ್‌ನಂಥ ಗಾಡಿಗೆ ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ ಕ್ಯಾರವಾನ್ ಮಾಡಿಸಿಕೊಂಡವರು ಗ್ಯಾರೇಜಿನಲ್ಲಿ ಕೇಳುವ ಪ್ರಶ್ನೆ ಒಂದೇ: ಎಷ್ಟು ಕಿಲೋಮೀಟರಿಗೆ ಆಯಿಲ್ ಬದಲಿಸಬೇಕು? ಬಾಡಿಗೆ ಓಡಿಸುವ ಟೆಂಪೊ ಟ್ರಾವೆಲರ್‌ಗೆ ಅದು ಸರಿಯಾದ ಪ್ರಶ್ನೆ. ಅದರ ಮೀಟರ್ ತಿಂಗಳಿಗೆ ನಾಲ್ಕೈದು ಸಾವಿರ ತಿರುಗುತ್ತದೆ. ಕ್ಯಾರವಾನ್ ಅಷ್ಟು ಓಡಲು ಒಂದು ವರ್ಷ ಬೇಕು. ಹತ್ತು ಸಾವಿರ ಆಗಲಿ ಎಂದು ಕಾದರೆ ಎರಡು ಮಳೆಗಾಲ ಕಳೆದಿರುತ್ತವೆ, ಅಷ್ಟರಲ್ಲಿ ಎಂಜಿನ್ ಅಡಿಯ ಚೇಂಬರ್‌ನಲ್ಲಿರುವ ಆಯಿಲ್ ಹೆಸರಿಗೆ ಮಾತ್ರ ಆಯಿಲ್.

ಹಾಸನ, ಚಿಕ್ಕಮಗಳೂರು ಕಡೆಯ ಕ್ಯಾರವಾನ್‌ಗೆ ನಮ್ಮ ಲೆಕ್ಕ ಹೀಗೆ. ವರ್ಷಕ್ಕೊಮ್ಮೆ ಬದಲಿಸುವುದು ಕಡ್ಡಾಯ, ಅದೂ ಮೇ ಕೊನೆಯ ವಾರದಲ್ಲಿ, ರೋಹಿಣಿ ಮುಗಿದು ಮೃಗಶಿರ ಹಿಡಿಯುವ ಮೊದಲು. ವರ್ಷದೊಳಗೇ ಘಾಟಿ, ತೋಟದ ಮಣ್ಣು ರಸ್ತೆ ಎಲ್ಲ ಸೇರಿ ಏಳೆಂಟು ಸಾವಿರ ದಾಟಿದರೆ ದೀಪಾವಳಿ ಹೊತ್ತಿಗೆ ಇನ್ನೊಮ್ಮೆ. ಕಂಪನಿಯ ಪುಸ್ತಕದಲ್ಲಿ ಕಿಲೋಮೀಟರ್ ಪಕ್ಕದಲ್ಲೇ ತಿಂಗಳ ಅಂಕಿಯೂ ಇರುತ್ತದೆ, ‘ಯಾವುದು ಮೊದಲೋ ಅದು’ ಎಂದು. ಆ ಸಾಲನ್ನು ಓದುವವರು ಕಡಿಮೆ. ಅಲ್ಲಿರುವ ಗಡುವು ನಾವು ಹೇಳಿದ್ದಕ್ಕಿಂತ ಬೇಗ ಬಂದರೆ ಅದನ್ನೇ ಪಾಲಿಸಿ. ವಾರಂಟಿ ಇರುವ ಗಾಡಿಗಂತೂ ಬೇರೆ ಮಾತೇ ಇಲ್ಲ.

ನಿಂತ ಗಾಡಿಯಲ್ಲಿ ಆಯಿಲ್ ಯಾಕೆ ಕೆಡಬೇಕು? ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಪಿಸ್ಟನ್ ರಿಂಗ್ ಸಂದಿಯಿಂದ ನುಸುಳುವ ಸ್ವಲ್ಪ ಆವಿ ಚೇಂಬರ್‌ಗೆ ಇಳಿದು, ತಣ್ಣಗಿನ ಲೋಹಕ್ಕೆ ತಾಗಿ ಹನಿಯಾಗುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಆ ಹನಿ ಮತ್ತೆ ಆವಿಯಾಗಿ ಹೋದೀತು, ಕಾಯದಿದ್ದರೆ ಅಲ್ಲೇ ಉಳಿಯುತ್ತದೆ. ಉರಿದ ಹೊಗೆಯ ಅಂಶಗಳ ಜೊತೆ ಸೇರಿ ಆಮ್ಲವಾಗುತ್ತದೆ. ಆ ಆಮ್ಲವನ್ನು ಕೊಲ್ಲುವ ಕ್ಷಾರ ಹೊಸ ಆಯಿಲ್‌ನಲ್ಲಿ ಇರುತ್ತದೆ, ದಿನ ಕಳೆದಂತೆ ಅದು ಸವೆಯುತ್ತದೆ. ಅದು ಮುಗಿದ ಮೇಲೆ ಬೇರಿಂಗ್ ಸರದಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕಳಸ, ಕೊಪ್ಪದ ಕಡೆ ಒಣಗಲು ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಎಂಜಿನ್ ಒಳಗಿನ ತೇವ ಎಲ್ಲಿ ಹೋಗಬೇಕು!

ಅದಕ್ಕೇ ಮಳೆಗಾಲಕ್ಕೆ ಗಾಡಿ ನಿಲ್ಲಿಸುವ ಮೊದಲು ಆಯಿಲ್ ಬದಲಿಸಬೇಕು, ಮಳೆ ಮುಗಿದು ಹೊರಡುವಾಗ ಅಲ್ಲ. ಬಹಳ ಜನ ಮಾಡುವುದು ಉಲ್ಟಾ. ‘ಹೇಗೂ ನಿಂತಿರತ್ತೆ, ಹೊಸ ಆಯಿಲ್ ಯಾಕೆ ದಂಡ’ ಎನ್ನುವ ಲೆಕ್ಕಾಚಾರದಲ್ಲಿ ಆಮ್ಲ ತುಂಬಿದ ಹಳೇ ಆಯಿಲ್‌ನಲ್ಲಿ ಬೇರಿಂಗ್‌ಗಳನ್ನು ನಾಲ್ಕು ತಿಂಗಳು ನೆನೆಹಾಕುತ್ತಾರೆ.

ಇದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿದೆ: ವಾರಕ್ಕೊಮ್ಮೆ ಶೆಡ್‌ನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು. ಟೆಂಪರೇಚರ್ ಮುಳ್ಳು ಮೇಲೆ ಬಂದರೆ ಕಾದಿದ್ದು ರೇಡಿಯೇಟರ್ ನೀರು. ಆಯಿಲ್ ಕಾಯಲು ಅದರ ಎರಡು ಪಟ್ಟಾದರೂ ಸಮಯ ಬೇಕು. ಐದು ನಿಮಿಷದ ಸ್ಟಾರ್ಟ್ ಪ್ರತಿ ಸಲ ಒಳಗೆ ನೀರು ಸೇರಿಸುತ್ತದೆ, ಒಂದು ಹನಿಯನ್ನೂ ಹೊರಗೆ ಹಾಕುವುದಿಲ್ಲ. ಬ್ಯಾಟರಿಗೂ ಸ್ಟಾರ್ಟರ್ ಎಳೆದಷ್ಟು ಚಾರ್ಜ್ ವಾಪಸ್ ಬರುವುದಿಲ್ಲ. ಓಡಿಸುವುದಾದರೆ ತಿಂಗಳಿಗೊಮ್ಮೆ ಸರಿಯಾಗಿ ಓಡಿಸಿ. ಚಿಕ್ಕಮಗಳೂರಿನಿಂದ ಬೇಲೂರಿಗೆ ಸುಮಾರು 25 ಕಿ.ಮೀ., ಹೋಗಿ ಬಂದರೆ ಸಾಕು. ಹಾಸನದವರಿಗೆ ಹಳೇಬೀಡು ಇದೆ. ಅಷ್ಟೂ ಆಗದಿದ್ದರೆ ಬ್ಯಾಟರಿ ಟರ್ಮಿನಲ್ ಬಿಚ್ಚಿಟ್ಟು ಗಾಡಿಯನ್ನು ಅದರ ಪಾಡಿಗೆ ಬಿಡಿ, ಅದೇ ಮೇಲು.

ತೇವ ಸೇರಿದೆಯೇ ಎಂದು ತಿಳಿಯಲು ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಮೈ ನೋಡಿ. ಬೆಣ್ಣೆ ಕಡೆಯುವಾಗ ಮೇಲೆ ಬರುವಂಥ ಬಿಳಿ ಕೆನೆ ಅಂಟಿದ್ದರೆ ಮೊದಲು ಗಾಡಿಯನ್ನು ಒಂದು ಗಂಟೆ ಚೆನ್ನಾಗಿ ಓಡಿಸಿ, ಒರೆಸಿ, ವಾರ ಬಿಟ್ಟು ಮತ್ತೆ ನೋಡಿ. ಹೋಗಿದ್ದರೆ ಅದು ತೇವ ಮಾತ್ರ. ಮತ್ತೆ ಬಂದಿದ್ದು, ಜೊತೆಗೆ ಕೂಲೆಂಟ್ (ರೇಡಿಯೇಟರ್ ನೀರು) ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಪರೀಕ್ಷೆ ಮಾಡಿಸಿ. ಆಯಿಲ್ ಕಪ್ಪಾಯಿತು ಎಂದು ಗಾಬರಿ ಬೀಳಬೇಡಿ. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಕೆಲವೇ ನೂರು ಕಿಲೋಮೀಟರಿಗೆ ಕಪ್ಪಾಗುತ್ತದೆ, ಮಸಿಯನ್ನು ತನ್ನಲ್ಲಿ ತೇಲಿಸಿಕೊಂಡಿದೆ ಎಂದಷ್ಟೇ ಅದರ ಅರ್ಥ. ಫಿಲ್ಟರ್ ಪೇಪರ್ ಮೇಲೆ ಒಂದು ತೊಟ್ಟು ಬಿಟ್ಟು ಕೆಲವು ಗಂಟೆ ಇಡಿ. ಮಸಿ ಮೆಲ್ಲಗೆ ಸುತ್ತ ಹರಡಿದರೆ ಆಯಿಲ್‌ಗೆ ಇನ್ನೂ ಶಕ್ತಿಯಿದೆ. ನಡುವೆ ಗಟ್ಟಿ ಕಪ್ಪು ಚುಕ್ಕೆ ನಿಂತು ಅಂಚು ಗೆರೆ ಎಳೆದಂತಿದ್ದರೆ ಕೆಲಸ ಮುಗಿದಿದೆ.

ಮೀಟರ್‌ನಲ್ಲಿ ಕಾಣದ ಓಟವೂ ಒಂದಿದೆ. ರಾತ್ರಿ ಎಸಿಗೆಂದೋ, ಒಳಗಿನ ಬ್ಯಾಟರಿ ಚಾರ್ಜ್ ಆಗಲೆಂದೋ ಎಂಜಿನ್ ಐಡ್ಲಿಂಗ್ ಬಿಡುತ್ತೇವಲ್ಲ, ಅದು. ಒಂದು ಗಂಟೆ ಐಡ್ಲಿಂಗ್ ಎಂದರೆ 40–50 ಕಿ.ಮೀ. ಓಡಿದ ಹಾಗೆ ಎಂದು ಹಿಡಿಯುವುದು ವಾಡಿಕೆ. ಮೂರು ದಿನದ ಪ್ರವಾಸದಲ್ಲಿ ದಿನಕ್ಕೆರಡು ಗಂಟೆ ಎಂದರೂ 240–300 ಕಿ.ಮೀ. ಲೆಕ್ಕಕ್ಕೆ ಬಾರದೆ ಹೋಯಿತು. ಗಂಟೆಗಳನ್ನು ಡೈರಿಯಲ್ಲಿ ಬರೆದಿಡಿ. ಚಾರ್ಜಿಂಗ್‌ಗಾಗಿಯೇ ಐಡ್ಲಿಂಗ್ ಮಾಡುವವರು ಮಾಡಿನ ಮೇಲೊಂದು ಸೋಲಾರ್ ಪ್ಯಾನೆಲ್ ಹಾಕಿಸಿದರೆ ಎಂಜಿನ್ ಬದುಕುತ್ತದೆ.

2020ರ ಏಪ್ರಿಲ್ ನಂತರ ಬಂದ ಬಿಎಸ್6 ಡೀಸೆಲ್ ಗಾಡಿಗಳಿಗೆ ಐಡ್ಲಿಂಗ್ ಇನ್ನೂ ದುಬಾರಿ. ಐಡ್ಲಿಂಗ್‌ನಲ್ಲಿ ಹೊಗೆ ಕೊಳವೆಯ ಮಸಿ ಫಿಲ್ಟರ್, ಅಂದರೆ ಡಿಪಿಎಫ್, ಬೇಗ ಕಟ್ಟುತ್ತದೆ. ಹಾಗೆ ಕಟ್ಟಿದ ಮಸಿಯನ್ನು ಸುಡಲು ಎಷ್ಟೋ ಎಂಜಿನ್‌ಗಳು ಸಿಲಿಂಡರ್‌ಗೆ ತಡವಾಗಿ ಸ್ವಲ್ಪ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಅದರಲ್ಲೊಂದು ಪಾಲು ಸಿಲಿಂಡರ್ ಗೋಡೆ ಹಿಡಿದು ಆಯಿಲ್‌ಗೆ ಇಳಿಯುತ್ತದೆ. ಪೇಟೆಯೊಳಗೆ ಎರಡು ಕಿಲೋಮೀಟರ್ ಓಡಿ, ಸುಡುವುದು ಅರ್ಧವಾಗಿರುವಾಗಲೇ ಆಫ್ ಮಾಡಿದರೆ ಮುಂದಿನ ಸಲ ಮತ್ತೆ ಮೊದಲಿನಿಂದ ಶುರು, ಮತ್ತೆ ಡೀಸೆಲ್. ಗೇಜ್ ಕಡ್ಡಿಯಲ್ಲಿ ಆಯಿಲ್ ಮಟ್ಟ ಏರುತ್ತಾ ಬಂದರೆ ಖುಷಿಪಡುವ ವಿಷಯವಲ್ಲ. ಮೇಲಿನ ಗೆರೆ ದಾಟಿ ಡೀಸೆಲ್ ವಾಸನೆ ಬಂದರೆ ಕಿಲೋಮೀಟರ್ ಎಷ್ಟೇ ಆಗಿರಲಿ, ಬದಲಿಸಿ.

ಗ್ರೇಡ್ ವಿಷಯದಲ್ಲಿ ಪುಸ್ತಕವೇ ಪ್ರಮಾಣ. ಡಿಪಿಎಫ್ ಇರುವ ಗಾಡಿಗೆ ಕಡಿಮೆ ಬೂದಿಯ ಆಯಿಲ್ ಬೇಕು. ಡಬ್ಬದ ಮೇಲೆ ಎಸಿಇಎ ಸಿ3 ಅಥವಾ ಎಪಿಐ ಸಿಕೆ-4, ಪುಸ್ತಕ ಯಾವುದನ್ನು ಕೇಳುತ್ತದೋ ಅದು ಇರಬೇಕು. ಹಳೇ ಮಾದರಿಯ ಆಯಿಲ್‌ನ ಬೂದಿ ಡಿಪಿಎಫ್‌ನಲ್ಲಿ ಕೂತರೆ ಸುಟ್ಟರೂ ಹೋಗದು. ಹಳೆಯ ಗಾಡಿಗಳಿಗೆ 15ಡಬ್ಲ್ಯು-40 ಸಾಕು. ಬಾಬಾಬುಡನ್‌ಗಿರಿಯ ಡಿಸೆಂಬರ್ ಚಳಿಯೂ ಅದಕ್ಕೆ ಲೆಕ್ಕಕ್ಕಿಲ್ಲ, ಆ ಗ್ರೇಡು ಸೊನ್ನೆಗಿಂತ ಬಹಳ ಕೆಳಗೂ ಹರಿಯುತ್ತದೆ.

ಇನ್ನು ಬದಲಿಸುವ ಕೆಲಸ. ತೋಟದ ಅಂಗಳ ಕಣ್ಣಿಗೆ ಸಮ ಕಂಡರೂ ಇಳಿಜಾರಿರುತ್ತದೆ, ಕಾಫಿ ಒಣಗಿಸುವ ಸಿಮೆಂಟ್ ಕಣವೂ ನೀರು ಹರಿಯಲೆಂದು ಸ್ವಲ್ಪ ವಾಲಿರುತ್ತದೆ. ನೆಲದ ಮಟ್ಟ ನೋಡುವ ರಸಮಟ್ಟ ಇಟ್ಟು ಪರೀಕ್ಷಿಸಿ, ಚಕ್ರಕ್ಕೆ ಕಲ್ಲು ಕೊಡಿ. ಹತ್ತು ಕಿಲೋಮೀಟರ್ ಓಡಿಸಿ ಬಂದು ಹತ್ತು ನಿಮಿಷ ಬಿಟ್ಟು ಡ್ರೈನ್ ಬೋಲ್ಟ್ ಬಿಚ್ಚಿ. ಮುಚ್ಚಳವನ್ನೂ ತೆಗೆದಿಡಿ, ಗಾಳಿಯಾಡಿದರೆ ಬೇಗ ಇಳಿಯುತ್ತದೆ. ಪೂರ್ತಿ ಸೋರಲು ಇಪ್ಪತ್ತು ನಿಮಿಷ ಕೊಡಿ. ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು ಹಾಕಿ. ಹಳೇ ವಾಷರ್ ಸೋರಿತೆಂದು ಬೋಲ್ಟನ್ನು ಮತ್ತೆ ಮತ್ತೆ ಬಿಗಿದು, ಅಲ್ಯೂಮಿನಿಯಂ ಚೇಂಬರ್‌ನ ಮರೆಯೇ (ಥ್ರೆಡ್) ಕಿತ್ತು ಬಂದ ಗಾಡಿಗಳು ಎಷ್ಟೋ.

ಆಯಿಲ್ ಜೊತೆಗೆ ಫಿಲ್ಟರ್ ಬದಲಿಸದಿದ್ದರೆ ಹೊಸ ಆಯಿಲ್‌ಗೆ ಹಳೇ ಕೊಳೆ ಬೆರೆಸಿದಂತೆ. ತಿರುಗಿಸಿ ಹಾಕುವ ಫಿಲ್ಟರ್ ಆದರೆ ಹಳೆಯದರ ರಬ್ಬರ್ ರಿಂಗ್ ಅದರ ಜೊತೆಗೇ ಬಂತೇ ನೋಡಿ. ಎಂಜಿನ್‌ಗೆ ಅಂಟಿ ಉಳಿದು, ಅದರ ಮೇಲೆ ಹೊಸ ರಿಂಗ್ ಕೂತರೆ ಶೆಡ್‌ನಲ್ಲಿ ಏನೂ ಕಾಣುವುದಿಲ್ಲ. ಶಿರಾಡಿ ಅಥವಾ ಚಾರ್ಮಾಡಿ ಹತ್ತುವಾಗ ಒತ್ತಡಕ್ಕೆ ರಿಂಗ್ ಜಾರಿ ಆಯಿಲ್ ಎಲ್ಲ ರಸ್ತೆಗೆ. ಹೊಸ ರಿಂಗಿಗೆ ಒಂದು ಬೆರಳು ಆಯಿಲ್ ಸವರಿ, ತಾಗುವವರೆಗೆ ಕೈಯಲ್ಲಿ ತಿರುಗಿಸಿ, ಅಲ್ಲಿಂದ ಮುಕ್ಕಾಲು ಸುತ್ತು. ಸ್ಪ್ಯಾನರ್ ಬೇಡ.

ಪುಸ್ತಕದಲ್ಲಿ ಫಿಲ್ಟರ್ ಸಹಿತ, ಫಿಲ್ಟರ್ ರಹಿತ ಎಂದು ಎರಡು ಅಳತೆ ಇರುತ್ತವೆ, ಸಹಿತದ ಅಳತೆ ಹಿಡಿಯಿರಿ. ಅದಕ್ಕಿಂತ ಅರ್ಧ ಲೀಟರ್ ಕಡಿಮೆ ಸುರಿದು, ಎಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ. ಆಯಿಲ್ ದೀಪ ಕೆಲವು ಸೆಕೆಂಡಿಗೆ ಆರಬೇಕು, ಹತ್ತು ಸೆಕೆಂಡ್ ದಾಟಿದರೆ ತಕ್ಷಣ ಆಫ್. ಒಂದು ನಿಮಿಷ ಓಡಿಸಿ, ಹತ್ತು ನಿಮಿಷ ಬಿಟ್ಟು ಗೇಜ್ ನೋಡಿ ಉಳಿದದ್ದು ಹಾಕಿ. ಮೇಲಿನ ಗೆರೆ ಮೀರಬೇಡಿ: ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆಗೆ ಒತ್ತಡ ನಿಲ್ಲುವುದಿಲ್ಲ.

ತುಂಬಿದ ನೂರು ಲೀಟರ್ ನೀರಿನ ಟ್ಯಾಂಕ್ ಎಂದರೆ ನೂರು ಕೆ.ಜಿ. ಮಂಚ, ಕಪಾಟು, ಬ್ಯಾಟರಿ ಎಲ್ಲ ಸೇರಿ ಕ್ಯಾರವಾನ್ ಸದಾ ಲೋಡ್ ಗಾಡಿಯೇ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ಮುಟ್ಟಿದ ಕೂಡಲೇ ನೀರು ದೋಸೆಯ ಆಸೆಗೆ ಕೀ ತಿರುಗಿಸಬೇಡಿ, ಎರಡು ನಿಮಿಷ ಐಡ್ಲಿಂಗ್ ಬಿಡಿ. ಕೆಂಪಗೆ ಕಾದ ಟರ್ಬೊಗೆ ಆಯಿಲ್ ಹರಿವು ತಟ್ಟನೆ ನಿಂತರೆ ಅಲ್ಲಿ ಉಳಿದದ್ದು ಇದ್ದಿಲಾಗಿ ಬೇರಿಂಗ್ ದಾರಿ ಮುಚ್ಚುತ್ತದೆ. ಐಡ್ಲಿಂಗ್ ಬೇಡ ಎಂದವರೇ ಹೀಗೆ ಹೇಳುತ್ತಿದ್ದಾರಲ್ಲ ಎನ್ನಬೇಡಿ, ಇದು ಎರಡು ನಿಮಿಷ, ಅದು ಎರಡು ಗಂಟೆ.

ಜನರೇಟರ್ ಇಟ್ಟುಕೊಂಡವರು ಅದನ್ನು ಮರೆಯುವುದೇ ಹೆಚ್ಚು. ಸಣ್ಣ ಪೆಟ್ರೋಲ್ ಜನರೇಟರ್‌ಗೆ ಸಾಮಾನ್ಯವಾಗಿ ಮೊದಲ ಬದಲಾವಣೆ 20 ಗಂಟೆಗೆ, ಆಮೇಲೆ 100 ಗಂಟೆ ಅಥವಾ ಆರು ತಿಂಗಳು. ಎಷ್ಟೋ ಮಾದರಿಗಳಲ್ಲಿ ಫಿಲ್ಟರ್ ಇರುವುದೇ ಇಲ್ಲ, ಆಯಿಲ್ ಹಿಡಿಯುವುದೂ ಅರ್ಧ ಲೀಟರ್ ಆಸುಪಾಸು, ಹಾಗಾಗಿ ಬೇಗ ಕೊಳೆಯಾಗುತ್ತದೆ.

ತೆಗೆದ ಹಳೇ ಆಯಿಲನ್ನು ಬೇಲಿ ಗೂಟಕ್ಕೆ ಗೆದ್ದಲು ಹಿಡಿಯದಂತೆ ಬಳಿಯುವುದು ನಮ್ಮ ಕಡೆ ರೂಢಿ. ಮಳೆಗೆ ಅದು ತೊಳೆದು ಹಳ್ಳಕ್ಕೆ ಇಳಿಯುತ್ತದೆ, ಹಳ್ಳ ಯಗಚಿಗೆ, ಯಗಚಿ ಹೇಮಾವತಿಗೆ. 2016ರ ಕೇಂದ್ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಹೊಸ ಆಯಿಲ್ ಬಂದ ಕ್ಯಾನಿಗೇ ತುಂಬಿ, ಹಳೇ ಫಿಲ್ಟರನ್ನು ಒಂದು ರಾತ್ರಿ ಕವುಚಿಟ್ಟು ಸೋರಿದ್ದನ್ನೂ ಅದಕ್ಕೇ ಸೇರಿಸಿ, ಹಳೇ ಆಯಿಲ್ ಒಟ್ಟುಗೂಡಿಸಿ ಪರವಾನಗಿ ಇರುವವರಿಗೆ ಮಾರುವ ಸರ್ವಿಸ್ ಸೆಂಟರ್‌ಗೆ ಕೊಟ್ಟುಬನ್ನಿ. ನೀರನ್ನಾಗಲಿ ಬ್ರೇಕ್ ಆಯಿಲನ್ನಾಗಲಿ ಅದಕ್ಕೆ ಬೆರೆಸಬೇಡಿ, ಬೆರೆತರೆ ಅವರು ತೆಗೆದುಕೊಳ್ಳುವುದಿಲ್ಲ.