ಮಲಯಾಟ್ಟೂರಿನ ಕಲ್ಲುದಾರಿ

ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ, ಕೇರಳದ ಕ್ರೈಸ್ತ ಯಾತ್ರಾಸ್ಥಳ ಮಲಯಾಟ್ಟೂರಿಗೆ ಹೋಗುವವರು ಬೆಟ್ಟವನ್ನು ರಾತ್ರಿಯೇ ಹತ್ತುವುದು ಒಳ್ಳೆಯದು. ಹಗಲಲ್ಲಿ ಬಂಡೆ ಕಾದಿರುತ್ತದೆ. ನಾನು, ಚಿಕ್ಕಮ್ಮ ಬೆಂಗಳೂರಿನಿಂದ ರೈಲಲ್ಲಿ ಹೋಗಿ ಅಂಗಮಾಲಿಯಲ್ಲಿ ಇಳಿದೆವು. ದಾರಿಯಲ್ಲಿ ಕಾಲಡಿ, ಶಂಕರಾಚಾರ್ಯರು ಹುಟ್ಟಿದ ಊರು. ಅಲ್ಲಿ 1910ರಲ್ಲಿ ದೇವಸ್ಥಾನ ಕಟ್ಟಿಸಿದ್ದು ನಮ್ಮ ಶೃಂಗೇರಿ ಮಠ.

ಇಲ್ಲಿನ ಸಿರೋ ಮಲಬಾರ್ ಕ್ರೈಸ್ತರಿಗೆ, ಅಂದರೆ ಕೇರಳದ ಹಳೆಯ ಪೂರ್ವ ಪದ್ಧತಿಯ ಕಥೋಲಿಕರಿಗೆ, ಉಪವಾಸ ಶುರುವಾಗುವುದು ಲ್ಯಾಟಿನ್ ಪದ್ಧತಿಯ ನಮ್ಮ ಉಪವಾಸದ ಮೊದಲ ದಿನವಾದ ಬೂದಿ ಬುಧವಾರಕ್ಕಿಂತ ಎರಡು ದಿನ ಮೊದಲು, ಸೋಮವಾರ. ಐವತ್ತು ದಿನದ ನೋಂಬು ಅಂತ ಅದಕ್ಕೆ ಹೆಸರು. ಮೀನಿಲ್ಲದೆ ಊಟ ಸೇರದ ನಾಡಿನಲ್ಲಿ ಅಷ್ಟು ದಿನ ಮೀನು, ಮಾಂಸ ಬಿಡುವುದು ಸುಮ್ನೆ ಮಾತಲ್ಲ.

ಯೇಸುವಿನ ಶಿಷ್ಯ ಸಂತ ತೋಮಾಸರು ಈ ಬೆಟ್ಟದಲ್ಲಿ ಪ್ರಾರ್ಥಿಸಿದ್ದರು ಎಂಬುದು ಇಲ್ಲಿನವರ ನಂಬಿಕೆ. ಹತ್ತುವ ದಾರಿಯುದ್ದಕ್ಕೂ ಶಿಲುಬೆಹಾದಿಯ, ಅಂದರೆ ಯೇಸು ಶಿಲುಬೆ ಹೊತ್ತು ನಡೆದ ಕತೆಯನ್ನು ನೆನೆಯುವ, ಹದಿನಾಲ್ಕು ಸ್ಥಳಗಳಿವೆ. ಕೆಲವು ಹುಡುಗರು ದೊಡ್ಡ ಮರದ ಶಿಲುಬೆ ಹೊತ್ತು, ‘ಪೊನ್ನಿನ್ ಕುರಿಶು ಮುತ್ತಪ್ಪೋ, ಪೊನ್ಮಲ ಕಯಟ್ಟಂ’ (ಚಿನ್ನದ ಶಿಲುಬೆಯ ಮುತ್ತಪ್ಪಾ, ಚಿನ್ನದ ಬೆಟ್ಟ ಹತ್ತುವುದು) ಎಂದು ಮಲಯಾಳದಲ್ಲಿ ಕೂಗುತ್ತಾ ನಮ್ಮನ್ನು ದಾಟಿ ಹೋದರು. ನಾವು ಪ್ರತಿ ಸ್ಥಳದಲ್ಲೂ ಕೂತು ನೀರು ಕುಡಿದೆವು. ನೆಪ ಪ್ರಾರ್ಥನೆ.

ಆರನೇ ಸ್ಥಳ ವೆರೋನಿಕಾ ಯೇಸುವಿನ ಮುಖ ಒರೆಸಿದ್ದು. 2018ರ ಮಾರ್ಚ್ 1ರಂದು, ಇದೇ ತಪಸ್ಸುಕಾಲದಲ್ಲಿ, ಈ ಬೆಟ್ಟದ ಚರ್ಚಿನ ಮುಖ್ಯ ಗುರು (ರೆಕ್ಟರ್) ಫಾದರ್ ಸೇವಿಯರ್ ತೇಲಕ್ಕಾಟ್ ಅವರನ್ನು ಚರ್ಚಿನಲ್ಲೇ ಕೆಲಸಕ್ಕಿದ್ದವನೊಬ್ಬ ಇಲ್ಲೇ ಹತ್ತಿರದಲ್ಲಿ ಇರಿದು ಕೊಂದ. ಕೆಲವೇ ದಿನಗಳಲ್ಲಿ ಫಾದರ್ ಅವರ ತಾಯಿ ಅವನ ಮನೆಗೆ ಹೋದರು. ಅವನ ಹೆಂಡತಿಯನ್ನು ತಬ್ಬಿಕೊಂಡು, ಕ್ಷಮಿಸಿದ್ದೇನೆ ಅಂದರು. ದೇವರ ಕರುಣೆ ಬಗ್ಗೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಆ ಮುದುಕಿ ದಾಟಿದ ಹೊಸ್ತಿಲಿನಷ್ಟು ಯಾವುದೂ ನನಗೆ ತಾಗಿಲ್ಲ.

ಚಿಕ್ಕಮ್ಮನಿಗೆ ಇದನ್ನು ಹೇಳಿದೆ. ಆಸ್ತಿ ವಿಷಯಕ್ಕೆ ಅವರು ತಮ್ಮನ ಜೊತೆ ಮಾತು ಬಿಟ್ಟು ವರ್ಷಗಳಾಗಿವೆ.

“ನನ್ನ ಕೈಲಾಗಲ್ಲಪ್ಪ ಅದೆಲ್ಲ,” ಅಂದರು. ಆಮೇಲೆ ಎದ್ದು, “ನಡಿ, ಇನ್ನೂ ಎಂಟು ಸ್ಥಳ ಇವೆ,” ಅಂದರು.

ಮೇಲೆ ಚಿಕ್ಕ ಚರ್ಚು, ತೋಮಾಸರದು ಎನ್ನುವ ಹೆಜ್ಜೆ ಗುರುತು, ಹೊತ್ತು ತಂದವರು ಬಿಟ್ಟುಹೋದ ಶಿಲುಬೆಗಳು. ಗಾಯ ಮುಟ್ಟಿ ನೋಡದೆ ನಂಬಲ್ಲ ಅಂದ ತೋಮಾಸನಿಗೆ ಯೇಸು ಮತ್ತೆ ಬಂದು ಗಾಯ ತೋರಿಸಿದ ಕತೆಯನ್ನು ಪಾಸ್ಕದ (ಈಸ್ಟರ್) ಮುಂದಿನ ಭಾನುವಾರ ಓದುತ್ತಾರೆ. 2000ದಿಂದ ಅದೇ ದಿನ ದೈವಿಕ ಕರುಣೆಯ ಭಾನುವಾರ. ಮಲಯಾಟ್ಟೂರಿನ ಹಬ್ಬವೂ ಆವತ್ತೇ.

“ತೋಮಾಸ ಆವತ್ತು ಕೇಳಿದ್ದು ತಪ್ಪಾದ್ರೂ ಯೇಸು ಬಾಗ್ಲು ಹಾಕ್ಲಿಲ್ಲ ಅಲ್ವಾ,” ಅಂದರು ಚಿಕ್ಕಮ್ಮ. ತಮ್ಮನ ಸುದ್ದಿ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಇಳಿಯುವಾಗ ಮಂಡಿಗೆ ಜಾಸ್ತಿ ಕಷ್ಟ. ವಯಸ್ಸಾದವರು ಬಂದರೆ ಕೋಲು ಇಟ್ಟುಕೊಳ್ಳಲಿ. ಶುಭ ಶುಕ್ರವಾರದ ನೂಕುನುಗ್ಗಲು ಬೇಡ ಅಂದರೆ ತಪಸ್ಸುಕಾಲದ ಮೊದಲ ವಾರಗಳಲ್ಲೇ ಹೋಗಿ.